ಎಎಡಿ ಇದ್ದ ಮೇಲೆ ಆರ್‌ಎಸ್‌ಎಲ್ ಯಾಕೆ? ಎರಡೂ ರಿಸರ್ವ್ ತೆರೆಯೋದೇ ಅಲ್ವಾ?

ಬಾನಾಡಿ_ಹಾಸನ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅರಿಜೋನಾದ ಇಲಾಯ್‌ನಲ್ಲಿ ಸ್ಕೈಡೈವಿಂಗ್ (ವಿಮಾನದಿಂದ ಪ್ಯಾರಾಶೂಟ್ ಜಂಪ್) ಮಾಡ್ತಿದ್ದೇನೆ. ಎ ಲೈಸೆನ್ಸ್ ಆಗಿದೆ, ಜಂಪ್ ಸಂಖ್ಯೆ 31. ಇಷ್ಟು ದಿನ ಬಾಡಿಗೆ ರಿಗ್ (ಪ್ಯಾರಾಶೂಟ್ ಸೆಟ್). ಈಗ ಒಂದು ಸೆಕೆಂಡ್‌ಹ್ಯಾಂಡ್ ರಿಗ್ ನೋಡಿಟ್ಟಿದ್ದೇನೆ. ಒಳಗೆ ಸೈಪ್ರೆಸ್ 2 ಅನ್ನೋ ಎಎಡಿ (ರಿಸರ್ವ್, ಅಂದರೆ ತುರ್ತಿನ ಎರಡನೇ ಪ್ಯಾರಾಶೂಟನ್ನು ತಾನಾಗಿಯೇ ತೆರೆಸುವ ಸಾಧನ) ಇದೆ, 2017ರಲ್ಲಿ ತಯಾರಾದದ್ದು. ಕಂಟೇನರ್‌ನಲ್ಲಿ (ಬೆನ್ನಿನ ಚೀಲ) ಆರ್‌ಎಸ್‌ಎಲ್‌ಗೆ, ಅಂದರೆ ಮೇನ್ ಪ್ಯಾರಾಶೂಟ್ ಕಳಚಿ ಹೋಗುವಾಗ ರಿಸರ್ವ್ ತೆರೆಸುವ ಪಟ್ಟಿಗೆ, ಜಾಗ ಇದೆ, ಪಟ್ಟಿ ಮಾತ್ರ ತೆಗೆದಿದ್ದಾರೆ. ಕೇಳಿದರೆ, "ಸೈಪ್ರೆಸ್ ಇದೆಯಲ್ಲ, ಅದೇ ರಿಸರ್ವ್ ತೆರೆಯುತ್ತೆ, ಇನ್ನೊಂದು ಯಾಕೆ" ಅನ್ನುತ್ತಾರೆ.

ನನಗೆ ತಿಳಿಯಬೇಕಾದ್ದು ಇಷ್ಟು. ಈ ಮಾತು ಸರಿಯೇ? ಆರ್‌ಎಸ್‌ಎಲ್ ಇಲ್ಲದೆ ಯಾವ ಸಂದರ್ಭದಲ್ಲಿ ತೊಂದರೆ? ಆಮೇಲೆ, ಎಎಡಿ ತಪ್ಪು ಹೊತ್ತಿನಲ್ಲಿ ಹೊಡೆದು ಎರಡೂ ಕ್ಯಾನಪಿ (ಬಿಚ್ಚಿಕೊಂಡ ಪ್ಯಾರಾಶೂಟ್) ತಲೆ ಮೇಲೆ ಬಂದರೆ ಏನು ಮಾಡಬೇಕು? ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ, ಆದರೆ ಯಾವುದನ್ನು ಯಾಕೆ ಮಾಡಬೇಕು ಅನ್ನೋದು ಮನಸ್ಸಿನಲ್ಲಿ ಕೂತಿಲ್ಲ.

ಲೂಪ್_ಪಿನ್:

ಆ ಮಾತು ಸರಿಯಲ್ಲ. ಎರಡೂ ತೆರೆಯುವುದು ರಿಸರ್ವನ್ನೇ, ನಿಜ. ಆದರೆ ಒಂದು ಕೆಲಸ ಮಾಡುವ ಹೊತ್ತಿಗೆ ಇನ್ನೊಂದು ಸುಮ್ಮನಿರುತ್ತದೆ.

ಸೈಪ್ರೆಸ್‌ನ ಎಕ್ಸ್‌ಪರ್ಟ್ ಮಾದರಿ ನೋಡುವುದು ಗಾಳಿಯ ಒತ್ತಡ ಒಂದನ್ನೇ. ಅದರಿಂದ ಎತ್ತರ ಮತ್ತು ಇಳಿಯುವ ವೇಗ ಎರಡನ್ನೂ ಲೆಕ್ಕ ಹಾಕುತ್ತದೆ. ನೆಲದಿಂದ ಸುಮಾರು 750 ಅಡಿಗೆ ಬಂದಾಗ ಇಳಿಯುವ ವೇಗ ಗಂಟೆಗೆ 78 ಮೈಲಿಗಿಂತ ಹೆಚ್ಚಿದ್ದರೆ ಮಾತ್ರ ಕಟರ್ ಹೊಡೆಯುತ್ತದೆ. ಕಟರ್ ಒಳಗಿನ ಚಿಕ್ಕ ಬ್ಲೇಡ್ ರಿಸರ್ವಿನ ಕ್ಲೋಸಿಂಗ್ ಲೂಪನ್ನು (ಚೀಲ ಮುಚ್ಚಿ ಹಿಡಿಯುವ ದಾರದ ಕುಣಿಕೆ) ಕತ್ತರಿಸುತ್ತದೆ. ಪಿನ್ ಇದ್ದಲ್ಲೇ ಇರುತ್ತದೆ, ಲೂಪ್ ತುಂಡಾದ್ದರಿಂದ ಫ್ಲ್ಯಾಪ್‌ಗಳು ಬಿಚ್ಚಿಕೊಂಡು ಸ್ಪ್ರಿಂಗ್ ಪೈಲಟ್ ಶೂಟ್ (ದೊಡ್ಡದನ್ನು ಎಳೆದು ತೆಗೆಯುವ ಚಿಕ್ಕ ಪ್ಯಾರಾಶೂಟ್) ಹೊರಗೆ ಹಾರುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಮೇನ್ ಬಿಡಿಸುವುದು ಅದಕ್ಕೆ ಗೊತ್ತಿಲ್ಲ, ನೀವು ಕಟ್‌ಅವೇ (ಹ್ಯಾಂಡಲ್ ಎಳೆದು ಮೇನ್ ಕಳಚಿ ಬಿಡುವುದು) ಮಾಡಿದ್ದೀರೋ ಇಲ್ಲವೋ ಅದೂ ಗೊತ್ತಿಲ್ಲ.

ಈಗ ನಿಮ್ಮ ಮೇನ್ ತೆರೆದಿದೆ, ಆದರೆ ಲೈನ್ ಟ್ವಿಸ್ಟ್ ಆಗಿ (ದಾರಗಳು ತಿರುಚಿಕೊಂಡು) ಗಿರಗಿರ ಸುತ್ತುತ್ತಿದೆ ಅಂತಿಟ್ಟುಕೊಳ್ಳಿ. ತಲೆ ತಿರುಗುವಷ್ಟು ಜೋರಾಗಿ ಸುತ್ತಿದರೂ ಕೆಳಕ್ಕಿಳಿಯುವ ವೇಗ 78 ದಾಟದೇ ಇರಬಹುದು. ಅರ್ಧ ಕ್ಯಾನಪಿ ತಲೆ ಮೇಲಿದೆಯಲ್ಲ, ಅದು ತಡೆಯುತ್ತದೆ. ಹಾಗಾದರೆ ನೆಲ ಮುಟ್ಟುವವರೆಗೂ ಎಎಡಿ ಸುಮ್ಮನೇ ಇರುತ್ತದೆ. ಅದು ಕೆಟ್ಟಿಲ್ಲ, ಅದಕ್ಕೆ ಹೇಳಿಕೊಟ್ಟ ಕೆಲಸವೇ ಅದು.

ಇದೇ ಸುತ್ತುವ ಮೇನನ್ನು ನೀವು ಕಟ್‌ಅವೇ ಮಾಡಿದಿರಿ, ಆದರೆ ರಿಸರ್ವ್ ಹ್ಯಾಂಡಲ್ ಸಿಗಲಿಲ್ಲ. ಆರ್‌ಎಸ್‌ಎಲ್ ಇದ್ದರೆ, ಕಳಚಿ ಹೋಗುವ ರೈಸರ್ (ಭುಜವನ್ನು ಕ್ಯಾನಪಿಯ ಲೈನ್‌ಗಳಿಗೆ ಜೋಡಿಸುವ ದಪ್ಪ ಪಟ್ಟಿ) ಆರ್‌ಎಸ್‌ಎಲ್ ಪಟ್ಟಿಯನ್ನು ಎಳೆದುಕೊಂಡೇ ಹೋಗುತ್ತದೆ, ಅದು ರಿಸರ್ವ್ ಪಿನ್ನನ್ನು ಎಳೆಯುತ್ತದೆ. ವೇಗ ಎಷ್ಟು, ಎತ್ತರ ಎಷ್ಟು ಅನ್ನುವ ಪ್ರಶ್ನೆಯೇ ಇಲ್ಲ. ಬರೀ ಎಎಡಿ ಇದ್ದರೆ ನೀವು ಮತ್ತೆ ಫ್ರೀಫಾಲ್‌ನ ವೇಗ ಹಿಡಿಯಬೇಕು. 78 ಮೈಲಿ ಮುಟ್ಟಲು ಹೆಚ್ಚುಕಡಿಮೆ 4 ಸೆಕೆಂಡು, 200 ಅಡಿಗೂ ಹೆಚ್ಚು ಎತ್ತರ ಬೇಕು. 2,000 ಅಡಿಯಲ್ಲಿ ಕಟ್‌ಅವೇ ಮಾಡಿದರೆ ಅದು 750ರ ತನಕ ಕಾಯುತ್ತದೆ, ಅಂದರೆ 1,250 ಅಡಿ ಸುಮ್ಮನೆ ಹೋಯಿತು. 800 ಅಡಿಯಲ್ಲಿ ಮಾಡಿದರೆ ಹೊಡೆಯುವಾಗ 550ರ ಆಸುಪಾಸಿನಲ್ಲಿ ಇರುತ್ತೀರಿ, ರಿಸರ್ವ್ ತುಂಬಿಕೊಳ್ಳಲು ಇನ್ನೂ ಕೆಲವು ನೂರು ಅಡಿ ಹೋಗುತ್ತದೆ. 500ರಲ್ಲಿ ಮಾಡಿದರೆ ಲೆಕ್ಕ ಹಾಕುವುದೇ ಬೇಡ. 1,000 ಅಡಿಗಿಂತ ಕೆಳಗೆ ಕಟ್‌ಅವೇ ಬೇಡ, ನೇರ ರಿಸರ್ವ್ ಎಳೆಯಿರಿ ಎಂದು ಕಲಿಸುವುದು ಇದಕ್ಕೇ.

ಇನ್ನು ತಿರುಗಿಸಿ ನೋಡಿ. ಪ್ರಜ್ಞೆ ತಪ್ಪಿತು, ಅಥವಾ ಎತ್ತರದ ಪರಿವೆ ಹೋಯಿತು, ಏನನ್ನೂ ಎಳೆಯಲಿಲ್ಲ. ಆಗ ಆರ್‌ಎಸ್‌ಎಲ್‌ನಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಎಎಡಿ ಒಂದೇ ಗತಿ. ಆದ್ದರಿಂದ ಪಟ್ಟಿ ಹಾಕಿಸಿ. ನಿಮ್ಮ ಹಂತದಲ್ಲಿ ಇದಕ್ಕೆ ಎರಡನೇ ಯೋಚನೆ ಬೇಡ.

ಹಾಕಿಸುವ ಮುಂಚೆ ನೋಡಬೇಕಾದ್ದು: ಪಟ್ಟಿ ಆ ಕಂಟೇನರ್ ತಯಾರಕರದ್ದೇ ಆಗಿರಬೇಕು. ಮೇನ್ ರೈಸರ್‌ನಲ್ಲಿ, ಆರ್‌ಎಸ್‌ಎಲ್ ಬದಿಗೆ, ಶ್ಯಾಕಲ್ (ಆರ್‌ಎಸ್‌ಎಲ್ ತುದಿಯ ಕೊಂಡಿ) ಸಿಕ್ಕಿಸುವ ಚಿಕ್ಕ ರಿಂಗ್ ಇರಬೇಕು. ಮೇನ್ ಜೊತೆ ಬಂದ ರೈಸರ್‌ನಲ್ಲಿ ಅದಿಲ್ಲದಿದ್ದರೆ ರೈಸರ್ ಬದಲಾಯಿಸಬೇಕಾಗುತ್ತದೆ. ಕೆಲಸ ರಿಗ್ಗರದ್ದು (ಪ್ಯಾರಾಶೂಟ್ ತಂತ್ರಜ್ಞ). ಅಮೆರಿಕದಲ್ಲಿ 180 ದಿನಕ್ಕೊಮ್ಮೆ ರಿಸರ್ವ್ ರೀಪ್ಯಾಕ್ ಆಗಲೇಬೇಕಲ್ಲ, ಆಗಲೇ ಇದನ್ನೂ ಮಾಡಿಸಿ. ಕಟ್‌ಅವೇ ಹ್ಯಾಂಡಲ್‌ನಿಂದ ರೈಸರ್‌ಗಳಿಗೆ ಹೋಗುವ ಹಳದಿ ಕೇಬಲ್‌ಗಳ ಉದ್ದವನ್ನೂ ಅಳೆಯಲು ಹೇಳಿ: ಆರ್‌ಎಸ್‌ಎಲ್ ಇಲ್ಲದ ಬದಿಯ ರೈಸರ್ ಮೊದಲು ಬಿಡಬೇಕು, ಇರುವ ಬದಿ ಆಮೇಲೆ. ಹಿಂದುಮುಂದಾದರೆ ಮೇನ್ ಇನ್ನೂ ಒಂದು ಭುಜಕ್ಕೆ ನೇತಾಡುತ್ತಿರುವಾಗಲೇ ರಿಸರ್ವ್ ಹೊರಟು ಅದಕ್ಕೆ ಸುತ್ತಿಕೊಳ್ಳಬಹುದು.

2017ರ ಸೈಪ್ರೆಸ್ 2 ಬಗ್ಗೆ: 2016ರ ಜನವರಿಯಿಂದ ಈಚೆಗೆ ತಯಾರಾದವಕ್ಕೆ ಆಯಸ್ಸು ಹದಿನೈದೂವರೆ ವರ್ಷ. ಅದಕ್ಕೂ ಹಳೆಯವಕ್ಕೆ ಹನ್ನೆರಡೂವರೆ. ತಿಂಗಳು ಯಾವುದು ಅಂತ ಕೇಳಿ, ಬೆಲೆ ಮಾತಾಡುವಾಗ ಉಳಿದ ವರ್ಷ ಲೆಕ್ಕಕ್ಕೆ ಬರಬೇಕು.

ಬಾನಾಡಿ_ಹಾಸನ:

ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಸುತ್ತುತ್ತಾ ನಿಧಾನಕ್ಕೆ ಇಳಿಯುವ ಮೇನ್ ಕೆಳಗೆ ಎಎಡಿ ಹೊಡೆಯೋದೇ ಇಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಎರಡೂ ಕ್ಯಾನಪಿ ಹೊರಗೆ ಬರೋದು ಯಾವಾಗ?

ತ್ರೀರಿಂಗ್:

ತಡವಾಗಿ ಎಳೆದಾಗ. ಬಹುಪಾಲು ಅದೇ ಕಾರಣ.

ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 120 ಮೈಲಿ, ಅಂದರೆ ಸೆಕೆಂಡಿಗೆ 175 ಅಡಿ. 2,000 ಅಡಿಗೆ ಕೈ ಹಿಂದಕ್ಕೆ ಹೋಯಿತು, ಪೈಲಟ್ ಶೂಟ್ ಹ್ಯಾಂಡಲ್ ತಡಕಾಡಲು 2 ಸೆಕೆಂಡು ಬೇಕಾಯಿತು ಅನ್ನಿ. 350 ಅಡಿ ಅಲ್ಲೇ ಕಳೆಯಿತು. ಈಗಿನ ಮೇನ್‌ಗಳು ಮೆತ್ತಗೆ ತೆರೆಯುವಂತೆ ಮಾಡಿದವು, 800ರಿಂದ 1,000 ಅಡಿ ತಿನ್ನುತ್ತವೆ. ಸ್ಲೈಡರ್ (ತೆರೆಯುವುದನ್ನು ನಿಧಾನ ಮಾಡುವ ಬಟ್ಟೆ) ಇನ್ನೂ ಮೇಲೇ ಇದೆ, ಕ್ಯಾನಪಿ ಹಿಡಿಯೋಣವೋ ಬೇಡವೋ ಅನ್ನುವ ಹಾಗಿದೆ, ಅಷ್ಟರಲ್ಲಿ 750 ಬಂತು. ವೇಗ ಇನ್ನೂ 78ಕ್ಕಿಂತ ಮೇಲಿದ್ದರೆ ಸಾಧನ ಹೊಡೆಯುತ್ತದೆ. ಅದರ ಮಟ್ಟಿಗೆ ಅದು ಸರಿಯಾದ ಕೆಲಸವನ್ನೇ ಮಾಡಿತು. ಇದನ್ನು ತಪ್ಪಿಸಲೆಂದೇ ಯುಎಸ್‌ಪಿಎ (ಅಮೆರಿಕದ ಪ್ಯಾರಾಶೂಟ್ ಸಂಘ) 2013ರಲ್ಲಿ ಸಿ ಮತ್ತು ಡಿ ಲೈಸೆನ್ಸಿನವರ ಕನಿಷ್ಠ ತೆರೆಯುವ ಎತ್ತರವನ್ನು 2,000ದಿಂದ 2,500 ಅಡಿಗೆ ಏರಿಸಿತು. ನಿಮ್ಮ ಎ ಲೈಸೆನ್ಸಿಗೆ ಅದು 3,000. ಏನಾದರೂ ಕೆಟ್ಟಿದ್ದರೆ ನಿರ್ಧಾರ 2,500 ಅಡಿಗೆ ಇಳಿಯುವಷ್ಟರಲ್ಲಿ ಆಗಿಬಿಡಬೇಕು. ಈ ಎರಡು ಸಂಖ್ಯೆ ಹಿಡಿದುಕೊಂಡರೆ ಎಎಡಿಗೆ ನಿಮ್ಮ ಹತ್ತಿರ ಕೆಲಸವೇ ಬೀಳುವುದಿಲ್ಲ.

ಎರಡೂ ಬಂದೇ ಬಿಟ್ಟರೆ, ಮೊದಲು ಕತ್ತೆತ್ತಿ ಅವು ಹೇಗೆ ನಿಂತಿವೆ ನೋಡಿ.

ಒಂದರ ಹಿಂದೆ ಒಂದು ನಿಂತಿದ್ದರೆ ಬೈಪ್ಲೇನ್. ಕಟ್‌ಅವೇ ಮಾಡಬೇಡಿ. ಹಿಂದಿರುವ ರಿಸರ್ವ್ ಮುಂದಿನ ಮೇನಿನ ರೈಸರ್, ಲೈನ್‌ಗಳಿಗೆ ತಾಗಿಕೊಂಡೇ ಇರುತ್ತದೆ, ಮೇನ್ ಬಿಟ್ಟರೆ ಅದು ರಿಸರ್ವಿನ ಮೂಲಕವೇ ಹರಿದು ಹೋಗುವ ಅಪಾಯ. ರಿಸರ್ವಿನ ಬ್ರೇಕ್ (ಕ್ಯಾನಪಿ ನಡೆಸುವ ದಾರ) ಬಿಚ್ಚಬೇಡಿ. ಮುಂದಿರುವ ಕ್ಯಾನಪಿಯನ್ನು ಮಾತ್ರ ಮೆತ್ತಗೆ, ಬೇಕಾದಷ್ಟೇ ತಿರುಗಿಸಿ. ಫ್ಲೇರ್ (ಇಳಿಯುವ ಹೊತ್ತಿಗೆ ಬ್ರೇಕ್ ಎಳೆದು ವೇಗ ತಗ್ಗಿಸುವುದು) ಬೇಡ. ಕಾಲು ಜೋಡಿಸಿ ಪಿಎಲ್‌ಎಫ್ (ಪೆಟ್ಟಾಗದಂತೆ ಉರುಳಿ ಇಳಿಯುವುದು) ಮಾಡಿ.

ಪಕ್ಕಪಕ್ಕ ಇದ್ದರೆ ಎರಡು ದಾರಿ. ಅಲುಗಾಡದೆ ಹಾರುತ್ತಿದ್ದರೆ ದೊಡ್ಡದನ್ನು, ಅಥವಾ ತಲೆಗೆ ನೇರ ಮೇಲಿರುವುದನ್ನು, ಹಿಂದಿನ ರೈಸರ್‌ನಿಂದ ಮೆಲ್ಲಗೆ ನಡೆಸಿ ಹಾಗೇ ಇಳಿಯಬಹುದು. ಸರಿಯಾಗಿ ಹಾರದಿದ್ದರೆ, ಒಂದಕ್ಕೊಂದು ಸಿಕ್ಕಿಕೊಂಡಿಲ್ಲ ಅಂತ ಖಚಿತ ಮಾಡಿಕೊಂಡು, ಎತ್ತರ ಇದ್ದರೆ ಆರ್‌ಎಸ್‌ಎಲ್ ಶ್ಯಾಕಲ್ ಕಳಚಿ, ಮೇನ್ ಬಿಡಿ.

ಎರಡೂ ಬೇರೆಯಾಗಿ ನೆಲದ ಕಡೆ ಮುಖ ಮಾಡಿ ಎಳೆಯುತ್ತಿದ್ದರೆ ಡೌನ್‌ಪ್ಲೇನ್. ಇಲ್ಲಿ ಯೋಚನೆಗೆ ಜಾಗವಿಲ್ಲ, ಮೇನ್ ಕಟ್‌ಅವೇ. ಇಲ್ಲೂ ಎತ್ತರ ಉಳಿದಿದ್ದರೆ ಮಾತ್ರ ಮೊದಲು ಶ್ಯಾಕಲ್ ಕಳಚಿ, ಆ ಪಟ್ಟಿ ಹೋಗುವ ಮೇನನ್ನು ತಡೆಯಬಾರದು.

ಜೋಳದರೊಟ್ಟಿ:

ಎಲ್ಲಾರೂ ಗಾಳ್ಯಾಗಿನ ಮಾತು ಹೇಳಿದ್ರಿ, ನೆಲದ ಮ್ಯಾಲಿನ ಮಾತು ನಾ ಹೇಳ್ತೀನಿ. ಸಾಧನ ಎಷ್ಟು ಚಲೋ ಇದ್ರೂ ಆನ್ ಮಾಡೋದ್ರಾಗ ತಪ್ಪಿದ್ರ ಮುಗೀತು.

ಸೈಪ್ರೆಸ್ ಬಟನ್ ಉಗುರಿಂದ ಒತ್ತಬ್ಯಾಡ್ರಿ, ಬೆರಳಿನ ಮೆತ್ತನ ಭಾಗದಿಂದ ಒತ್ರಿ. ಒಮ್ಮೆ ಒತ್ತಿದ ಮ್ಯಾಲೆ ಕೆಂಪು ಲೈಟ್ ಮಿಂಚತದ, ಮಿಂಚಿದ ಕೂಡ್ಲೇ ಮತ್ತೊಮ್ಮೆ. ಹಿಂಗ ಒಟ್ಟು ನಾಕು ಸಲ. ಭಾಳ ಲಗೂನ ಒತ್ತಿದ್ರೂ ಇಲ್ಲ, ತಡಾ ಮಾಡಿದ್ರೂ ಇಲ್ಲ, ಅದು ಕೇಳಂಗಿಲ್ಲ. ಅದನ್ನ ಬೇಕಂತನ ಹಂಗ ಮಾಡ್ಯಾರ, ತಾನ ಆನ್ ಆಗಬಾರದಂತ. ಆಮ್ಯಾಲೆ 10ರಿಂದ 0 ತನಕ ಇಳೀತದ. ಸೊನ್ನಿ ಬರೋ ತನಕ ನಿಂತು ನೋಡ್ರಿ. ನಡುವ ಬ್ಯಾರೆ ಸಂಖ್ಯಾ ಬಂದ್ರ ಏನೋ ತಕರಾರದ. 8997 ಬಂದ್ರ ಗಾಳಿ ಒತ್ತಡ ಸ್ಥಿರ ಸಿಕ್ಕಿಲ್ಲಂತ ಅರ್ಥ. ಓಡೋ ಕಾರಿನ್ಯಾಗೋ ವಿಮಾನದಾಗೋ ಆನ್ ಮಾಡಿದ್ರ ಇದ ಬರತದ. ನೆಲದ ಮ್ಯಾಲೆ ಇಳದು ಮತ್ತ ಮಾಡ್ರಿ. 8998 ಇಲ್ಲಾ 8999 ಬಂದ್ರ ಕಟರ್ ಜೋಡಣಿ ಬಿಟ್ಟದ, ಅವತ್ತು ಜಂಪ್ ಇಲ್ಲ, ಸೀದಾ ರಿಗ್ಗರ್ ಹಂತೇಕ.

ಆನ್ ಮಾಡೋದು ಇಳಿಯೋ ಜಾಗದಾಗ. ಅದು ಆ ಜಾಗಾನ ಸೊನ್ನಿ ಅಂತ ಹಿಡೀತದ. ನಮ್ಮ ಊರಿನ ಲೆಕ್ಕದಾಗ ಹೇಳ್ಬೇಕಂದ್ರ, ಮೈಸೂರು ಬೆಂಗಳೂರಿಗಿಂತ ಒಂದ್ 150 ಮೀಟರ್ ತಗ್ಗಿನ್ಯಾಗದ. ಮೈಸೂರಿನ್ಯಾಗ ಸೊನ್ನಿ ಹಿಡಿದ ಸಾಧನ ಹಂಗ ಇಟ್ಕೊಂಡು ಬೆಂಗಳೂರಿನ ಎತ್ತರದಾಗ ಇಳಿಯಾಕ ಹೋದ್ರ, 225 ಮೀಟರಿಗೆ ಹೊಡಿಬೇಕಾದ್ದು ನೆಲದಿಂದ ಬರೀ 75 ಮೀಟರಿಗೆ ಹೊಡಿತದ. ಅಷ್ಟರಾಗ ರಿಸರ್ವ್ ತೆರೆಯಂಗಿಲ್ಲ. ಹಾರೋ ಏರ್‌ಪೋರ್ಟ್ ಬ್ಯಾರೆ, ಇಳಿಯೋ ಮೈದಾನ ಬ್ಯಾರೆ ಎತ್ತರದಾಗಿದ್ರ ಆನ್ ಮಾಡೋ ಮುಂದ ಆ ಫರಕ್ ಸೆಟ್ ಮಾಡ್ರಿ. ಹೊರಗ ಎಲ್ಲೋ ಹೊಲದಾಗ ಇಳಿದು ಗಾಡಿ ಹತ್ತಿ ವಾಪಸ್ ಬಂದ್ರಿ? ಆಫ್ ಮಾಡಿ ಮತ್ತ ಆನ್ ಮಾಡ್ರಿ. ಒಮ್ಮೆ ಆನ್ ಮಾಡಿದ್ದು 14 ತಾಸಿಗೆ ತಾನ ಆಫ್ ಆಗತದ.

ಇನ್ನೊಂದು, ಬಟನ್ ಬಣ್ಣ ನೋಡ್ರಿ. ಕೆಂಪು ಇದ್ರ ಎಕ್ಸ್‌ಪರ್ಟ್, ಹಳದಿ ಸ್ಟೂಡೆಂಟ್, ನೀಲಿ ಟ್ಯಾಂಡಮ್ (ಇಬ್ಬರು ಕೂಡಿ ಜಿಗಿಯೋದು). ಹಳದಿ ಸಾಧನಕ್ಕ 29 ಮೈಲಿ ವೇಗ ಸಾಕು ಹೊಡಿಯಾಕ. ಚಲೋ ಕ್ಯಾನಪಿ ಕೆಳಗ ಜೋರಾಗಿ ಸುತ್ತು ಹೊಡೆದ್ರೂ ಅಷ್ಟು ಬರತದ. ವಿಮಾನದ ಜೋಡಿ ವಾಪಸ್ ಇಳಿಯೋ ಪಾಳಿ ಬಂದ್ರೂ ಬರತದ. ಅದಕ್ಕ ಸ್ಟೂಡೆಂಟ್ ರಿಗ್ ಹಾಕ್ಕೊಂಡವ್ರು ಇಳಿಯೋ ಮುಂದ ಇನ್‌ಸ್ಟ್ರಕ್ಟರ್‌ಗೆ ಹೇಳಿ ಮ್ಯಾಲ ಇರುವಾಗಲೇ ಆಫ್ ಮಾಡ್ಸಬೇಕು. ನೀವು ಕೊಳ್ಳೋದು ಕೆಂಪ ಇರಬೇಕು, ಕಣ್ಣಾರೆ ನೋಡಿ ತಗೋರಿ.

ಬಾನಾಡಿ_ಹಾಸನ:

ಫೋಟೋ ತರಿಸಿ ನೋಡಿದೆ, ಕೆಂಪೇ ಇದೆ. ಒಂದೇ ಒಂದು ಅನುಮಾನ ಉಳಿದಿದೆ. ಇಲ್ಲಿ ಮಧ್ಯಾಹ್ನ ಗಾಳಿ ಎದ್ದಾಗ ಇಳಿದ ಮೇಲೆ ಕ್ಯಾನಪಿ ಎಳೆದುಕೊಂಡು ಹೋಗುತ್ತೆ. ಆಗ ಕಟ್‌ಅವೇ ಮಾಡಿದರೆ ಆರ್‌ಎಸ್‌ಎಲ್ ರಿಸರ್ವನ್ನೂ ತೆರೆದುಬಿಡಲ್ವಾ?

ಲೂಪ್_ಪಿನ್:

ತೆರೆಯುತ್ತದೆ. ಆಮೇಲೆ ರಿಸರ್ವ್ ಎಳೆದುಕೊಂಡು ಹೋಗುತ್ತದೆ, ಅದನ್ನು ಬಿಡಿಸಲು ಹ್ಯಾಂಡಲ್ ಇಲ್ಲ.

ಕಾಲು ನೆಲಕ್ಕೆ ತಾಗಿದ ಕೂಡಲೇ ಒಂದೇ ಬದಿಯ ಟಾಗಲ್ (ಬ್ರೇಕ್ ಹಿಡಿಕೆ) ಹಿಡಿದು, ಅದರ ಬ್ರೇಕ್ ಲೈನನ್ನು ಕೈಮೇಲೆ ಕೈ ಹಾಕಿ ಎಳೆದುಕೊಳ್ಳಿ, ಕ್ಯಾನಪಿ ಮಡಚಿ ಬೀಳುತ್ತದೆ. ಗಾಳಿ ಜೋರಿದ್ದ ದಿನ ಎತ್ತರ ಇರುವಾಗಲೇ, ಕ್ಯಾನಪಿ ಚೆನ್ನಾಗಿದೆ ಅಂತ ಖಚಿತವಾದ ಮೇಲೆ, ಶ್ಯಾಕಲ್‌ಗೆ ಕಟ್ಟಿದ ಚಿಕ್ಕ ಬಾಲ ಎಳೆದು ಆರ್‌ಎಸ್‌ಎಲ್ ಕಳಚಬಹುದು. ನೆಲದ ಮೇಲೆ ಎಳೆದಾಟ ನಿಲ್ಲದಿದ್ದರೆ ಮೊದಲು ಶ್ಯಾಕಲ್, ಆಮೇಲೆ ಕಟ್‌ಅವೇ, ಈ ಕ್ರಮ ತಪ್ಪಬಾರದು.

ಕಳಚಿದ್ದನ್ನು ಮತ್ತೆ ಸಿಕ್ಕಿಸಲು ಮರೆಯುವುದೇ ಇದರಲ್ಲಿ ದೊಡ್ಡ ತಪ್ಪು. ಪ್ಯಾಕ್ ಮಾಡುವ ಮುಂಚೆ, ಮೂರು ರಿಂಗ್ (ಮೇನ್ ರೈಸರ್ ಕಳಚುವ ಬಳೆಗಳು) ನೋಡುವ ಹೊತ್ತಿಗೇ ಶ್ಯಾಕಲ್ ರೈಸರ್‌ನ ಚಿಕ್ಕ ರಿಂಗ್‌ಗೆ ಸಿಕ್ಕಿದೆಯೇ, ಪೂರ್ತಿ ಮುಚ್ಚಿಕೊಂಡಿದೆಯೇ ನೋಡಿ. ಪಟ್ಟಿ ರಿಸರ್ವ್ ರೈಸರ್ ಮೇಲೆ ತಿರುಚದೆ ಚಪ್ಪಟೆಯಾಗಿ ಮಲಗಿರಬೇಕು, ಯಾವ ರೈಸರ್ ಅಡಿಗೂ ಹೋಗಿರಬಾರದು. ವಿಮಾನದ ಬಾಗಿಲು ತೆರೆಯುವ ಮುಂಚೆ ಕೊನೆಯ ಚೆಕ್‌ನಲ್ಲಿ ಬೆರಳಿನಿಂದ ಅದನ್ನು ಇನ್ನೊಮ್ಮೆ ಮುಟ್ಟಿ. ಪಟ್ಟಿ ಸಿಕ್ಕಿಸಿದ್ದರೂ ಮಾಲ್‌ಫಂಕ್ಷನ್ ಆದಾಗ ಬಲಗೈ ಕಟ್‌ಅವೇ ಹ್ಯಾಂಡಲ್ ಎಳೆದ ಬೆನ್ನಿಗೇ ಎಡಗೈ ರಿಸರ್ವ್ ಹ್ಯಾಂಡಲ್ ಎಳೆಯಲೇಬೇಕು, ಪಟ್ಟಿ ಕೆಲಸ ಮಾಡಿತೇ ಅಂತ ನೋಡುತ್ತಾ ನಿಲ್ಲಬೇಡಿ.