ಪದಚರ್ಚೆ: ಮ್ಯಾಟ್‌ಪ್ಲಾಟ್‌ಲಿಬ್‌ನ ‘ಆಕ್ಸೆಸ್’ ಅಕ್ಷಗಳೋ, ಅಂಕಣವೋ, ಮನೆಯೋ?

ಪ್ರಶ್ನೆ:

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕೋಷ್ಟಕದ ಸಾಲಿಗೊಂದರಂತೆ ಪುಟ್ಟ ಗ್ರಾಫ್ ಬರೆದು, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಜೋಡಿಸುವ ಅಧ್ಯಾಯದಲ್ಲಿ ಪದಗಳು ಒಂದರ ಮೇಲೊಂದು ಬೀಳುತ್ತಿವೆ. ಉದಾಹರಣೆ ಕರ್ನಾಟಕದ ಮಳೆಯದು: 31 ಜಿಲ್ಲೆ, ಜಿಲ್ಲೆಗೊಂದು ಸಾಲು, 12 ತಿಂಗಳು, ತಿಂಗಳಿಗೆ ‘ವಾಡಿಕೆ’, ‘ಬಿದ್ದದ್ದು’ ಎಂದು ಎರಡೆರಡು ಅಂಕಿ. ‘ಸಾಲು’ ಎಂಬುದು ಕೋಷ್ಟಕದ್ದೂ ಹೌದು, ಕೋಡಿನದೂ ಹೌದು, ಜೋಡಿಸಿದ ಗ್ರಾಫುಗಳದೂ ಹೌದು. ಗ್ರಾಫಿಗೆ ಶಾಲೆಯ ಪದ ‘ನಕ್ಷೆ’. ಆದರೆ ‘ಜಿಲ್ಲಾವಾರು ಮಳೆ ನಕ್ಷೆ’ ಎಂದರೆ ಯಾರಿಗಾದರೂ ಭೂಪಟವೇ ಕಣ್ಣಿಗೆ ಬರುತ್ತದೆ. ಪೈಥಾನ್‌ನಲ್ಲಿ ಗ್ರಾಫ್ ಬರೆಯುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ ‘ಆಕ್ಸೆಸ್’ಗೆ ಸದ್ಯ ‘ಅಕ್ಷಗಳು’ ಎಂದು ಹಾಕಿದ್ದೇವೆ. ಸರಿಯೇ?

ಉತ್ತರ:

‘ಅಕ್ಷಗಳು’ ಖಂಡಿತ ಬೇಡ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಫಿಗರ್’ ಎಂದರೆ ಇಡೀ ಹಾಳೆ, ‘ಆಕ್ಸೆಸ್’ ಎಂದರೆ ಅದರೊಳಗೆ ಒಂದು ಗ್ರಾಫಿಗೆ ಬಿಟ್ಟ ಜಾಗ, ‘ಆಕ್ಸಿಸ್’ ಎಂದರೆ ಆ ಜಾಗದ ಅಳತೆಗೆರೆ. ಹಾಳೆಯನ್ನು ಇಂಥ ಜಾಗಗಳಾಗಿ ಹಂಚುವ ಸಬ್‌ಪ್ಲಾಟ್ಸ್ ಆದೇಶಕ್ಕೆ 8, 4 ಎಂದು ಕೊಟ್ಟರೆ 32 ಆಕ್ಸೆಸ್ ಸಿಗುತ್ತವೆ. ಅದನ್ನು ‘32 ಅಕ್ಷಗಳು’ ಎಂದರೆ ಓದುಗ 16 ಗ್ರಾಫ್ ಎಂದುಕೊಂಡಾನು. ಮುಂದೆ ‘ಎಕ್ಸ್‌ಆಕ್ಸಿಸ್’ ಬಂದಾಗ ‘ಅಕ್ಷಗಳ ಅಕ್ಷ’ ಎಂದು ಬರೆಯಬೇಕಾಗುತ್ತದೆ.

‘ಅಂಕಣ’ ಒಳ್ಳೆಯ ಪದ. ‘ಮೂರಂಕಣದ ಮನೆ’ ಎನ್ನುವಾಗ ಎರಡು ತೊಲೆಗಳ ನಡುವಿನ ಜಾಗ ಎಂದೇ ಅರ್ಥ. ತೊಡಕೆಂದರೆ, ಸ್ಪ್ರೆಡ್‌ಶೀಟ್ ಪಾಠಗಳಲ್ಲಿ ಕಾಲಂಗೆ ಅದೇ ಪದ ಓಡಾಡುತ್ತಿದೆ, ಇಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ನನ್ನ ಮತ ‘ಮನೆ’ಗೆ. ಚೌಕಾಬಾರದಲ್ಲೂ ಪದಬಂಧದಲ್ಲೂ ಅದೇ ಬಳಕೆ. ‘31 ಜಿಲ್ಲೆಗೆ 32 ಮನೆ, ಕೊನೆಯದು ಖಾಲಿ’ ಎಂದರೆ ವಿವರಣೆಯೇ ಬೇಡ. ಆ ಖಾಲಿ ಮನೆಯನ್ನು ಸೆಟ್‌ವಿಸಿಬಲ್ ಆದೇಶದಿಂದ ಮರೆಮಾಡಬೇಕು, ಇಲ್ಲವಾದರೆ ಬರಿದಾದ ಚೌಕಟ್ಟು ಉಳಿಯುತ್ತದೆ. ಇಲ್ಲೊಂದು ಗುಂಡಿ ಇದೆ: ಎಲ್ಲ ಮನೆಗಳಿಗೂ ಒಂದೇ ಅಡ್ಡ ಅಳತೆ ಕೊಡುವ ಶೇರ್‌ಎಕ್ಸ್ ಹಾಕಿದ್ದರೆ ತಿಂಗಳ ಹೆಸರು ಕೆಳಗಿನ ಮನೆಗಳಿಗೆ ಮಾತ್ರ ಬರುತ್ತದೆ. 32ನೆಯದನ್ನು ಮರೆಮಾಡಿದರೆ ಅದರ ಮೇಲಿನ ಮನೆಗಳಿಗೆಲ್ಲ ತಿಂಗಳೇ ಇಲ್ಲ. 28ನೆಯ ಮನೆಗೆ ಟಿಕ್‌ಪ್ಯಾರಮ್ಸ್ ಆದೇಶದಲ್ಲಿ ಲೇಬಲ್‌ಬಾಟಮ್ (ಕೆಳಗೆ ಹೆಸರು ತೋರಿಸು) ಬೇರೆಯಾಗಿ ಕೊಡಿ.

‘ಸಾಲು’ ಕೋಷ್ಟಕಕ್ಕೇ ಇರಲಿ. ಮನೆಗಳ ಸಾಲಿಗೆ ‘ಪಂಕ್ತಿ’ ಎನ್ನಬಹುದು: 8 ಪಂಕ್ತಿ, ಪಂಕ್ತಿಗೆ 4 ಮನೆ. ನಕ್ಷೆ ಬಿಟ್ಟು ‘ಗ್ರಾಫ್’ ಎಂದೇ ಬರೆಯಿರಿ.

ನಿಲುವಿನ ಅಳತೆಯ ಆಯ್ಕೆಯಾದ ‘ಶೇರ್‌ವೈ’ಗೆ ‘ಹಂಚಿಕೊಂಡ ಅಕ್ಷ’ ಎನ್ನುವುದು ಬರೀ ಪದಕ್ಕೆ ಪದ. ‘ಎಲ್ಲಕ್ಕೂ ಒಂದೇ ಅಳತೆ’, ‘ಮನೆಗೊಂದು ಅಳತೆ’ ಎಂದರೆ ಆಯ್ಕೆ ಏನೆಂದು ತಿಳಿಯುತ್ತದೆ. ಜುಲೈನಲ್ಲಿ ಉಡುಪಿಯ ವಾಡಿಕೆ ಮಳೆ ಸಾವಿರ ಮಿಲಿಮೀಟರ್ ದಾಟುತ್ತದೆ, ಚಿತ್ರದುರ್ಗದ್ದು ನೂರನ್ನೂ ಮುಟ್ಟುವುದಿಲ್ಲ. ಒಂದೇ ಅಳತೆಯಾದರೆ ಚಿತ್ರದುರ್ಗದ ಗೆರೆ ನೆಲ ಹಿಡಿದು ಮಲಗುತ್ತದೆ. ಮನೆಗೊಂದು ಅಳತೆಯಾದರೆ ಉಡುಪಿಯಷ್ಟೇ ಎತ್ತರಕ್ಕೆ ಏರಿ ಓದುಗನನ್ನು ಏಮಾರಿಸುತ್ತದೆ. ನಡುದಾರಿಯೂ ಇದೆ: ಶೇರ್‌ವೈಗೆ ‘ರೋ’ ಎಂಬ ಬೆಲೆ ಕೊಟ್ಟರೆ ‘ಪಂಕ್ತಿಗೊಂದು ಅಳತೆ’. ಕರಾವಳಿಯ ಮೂರು ಜಿಲ್ಲೆಗಳನ್ನು ಕೊಡಗಿನ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಹೋಲಿಕೆಗೆ ಅರ್ಥ ಬರುತ್ತದೆ.

ಮತ್ತೊಂದು ಉತ್ತರ:

‘ಮನೆ’ ಒಪ್ಪಿಗೆ. ಆದರೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದೇ ರೀತಿ ಗ್ರಾಫ್ ಬಿಡಿಸುವ ‘ಫೆಸೆಟ್’ಗೆ ‘ಮನೆಮಾಡು’ ಎನ್ನಬೇಡಿ, ಅದಕ್ಕೆ ನೆಲೆಸು ಎಂಬ ಅರ್ಥ ಆಗಲೇ ಇದೆ. ‘ಮನೆಗೆ ಹಂಚು’ ಸಾಕು. ಆರ್‌ನ ಗ್ರಾಫ್ ಲೈಬ್ರರಿ ಜಿಜಿಪ್ಲಾಟ್‌2ರಲ್ಲಿ ಹಂಚುವ ಮೊದಲು 31 ಸಾಲಿನ ಅಗಲ ಕೋಷ್ಟಕವನ್ನು ಅಂಕಿಗೊಂದು ಸಾಲಿನಂತೆ 744 ಸಾಲಿನ (31 × 12 × 2) ಉದ್ದ ಕೋಷ್ಟಕ ಮಾಡಿಕೊಳ್ಳಬೇಕು. ಪೈಥಾನ್‌ನ ಕೋಷ್ಟಕ ಲೈಬ್ರರಿ ಪಾಂಡಾಸ್‌ನಲ್ಲಿ ಇದೇ ಕೆಲಸಕ್ಕೆ ‘ಮೆಲ್ಟ್’ ಎನ್ನುತ್ತಾರೆ. ‘ಕರಗಿಸು’ ಎಂದರೆ ಅಂಕಿ ಕಳೆದುಹೋದಂತೆ ಕೇಳಿಸುತ್ತದೆ, ‘ಉದ್ದಮಾಡು’ ಎನ್ನಿ.

ಏಕವಚನ, ಬಹುವಚನವನ್ನೂ ಬಿಗಿಯಾಗಿ ಹಿಡಿಯಿರಿ. ಪರೀಕ್ಷೆಗೆಂದು ಒಂದೇ ಜಿಲ್ಲೆ ಕೊಟ್ಟಾಗ ಸಬ್‌ಪ್ಲಾಟ್ಸ್ ಮನೆಗಳ ಅರೇ (ಜೋಡಿಸಿದ ಪಟ್ಟಿ) ಕೊಡುವುದಿಲ್ಲ, ಒಂಟಿ ಮನೆ ಕೊಡುತ್ತದೆ. ಅರೇಯ ಮನೆಗಳನ್ನು ಒಂದೊಂದಾಗಿ ಎಣಿಸಲು ‘ಡಾಟ್ ಫ್ಲಾಟ್’ ಎಂದೊಡನೆ ಎರರ್. ಸಬ್‌ಪ್ಲಾಟ್ಸ್‌ನ ಸ್ಕ್ವೀಝ್ ಆಯ್ಕೆಗೆ ಫಾಲ್ಸ್ ಕೊಟ್ಟರೆ ಯಾವಾಗಲೂ ಅರೇಯೇ.

2021ರಲ್ಲಿ ಆದ ವಿಜಯನಗರಕ್ಕೆ ಹಿಂದಿನ ವರ್ಷಗಳ ಸಾಲು ಸಿಗದು. ಅಂಥ ಮನೆಯನ್ನು ‘ಖಾಲಿ’ ಎನ್ನದೆ ‘ಮಾಹಿತಿ ಇಲ್ಲ’ ಎಂದು ಒಳಗೇ ಬರೆಯಿರಿ; ಸೊನ್ನೆ ತುಂಬಿದರೆ ಬರಗಾಲ ಎಂದಾಗುತ್ತದೆ.

ಜಿಲ್ಲೆಯ ಹೆಸರು ಕನ್ನಡದಲ್ಲೇ ಬೇಕಿದ್ದರೆ: ಮೊದಲೇ ಬರುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ, ಬರೀ ಡಬ್ಬಿ ಕಾಣುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಹಾಕಿದರೂ ಮ್ಯಾಟ್‌ಪ್ಲಾಟ್‌ಲಿಬ್ 3.8ರಂಥ ಆವೃತ್ತಿಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ, ‘ಚಿತ್ರದುರ್ಗ’ ಬಿಡಿಬಿಡಿಯಾಗುತ್ತದೆ. ಎಸ್‌ವಿಜಿ ಫಾಂಟ್‌ಟೈಪ್ ಎಂಬ ಸೆಟ್ಟಿಂಗನ್ನು ‘ನನ್’ ಮಾಡಿ ಎಸ್‌ವಿಜಿ ಚಿತ್ರವಾಗಿ (ಬ್ರೌಸರ್ ತೆರೆಯಬಲ್ಲ ಬಗೆ) ಉಳಿಸಿ; ಅಕ್ಷರ ಕೂಡಿಸುವ ಕೆಲಸ ಬ್ರೌಸರ್ ಮಾಡಿಕೊಳ್ಳುತ್ತದೆ.