ಸಹಾಯ ಬೇಕು: ಐಎಂಎ ಏವಿಯಾನಿಕ್ಸ್‌ನ ಮರುಪ್ರಮಾಣೀಕರಣ ಖರ್ಚು ಯಾರ ಲೆಕ್ಕಕ್ಕೆ?

ನಮಸ್ಕಾರ. ವಿಮಾನದ ಎಲೆಕ್ಟ್ರಾನಿಕ್ಸ್ (ಏವಿಯಾನಿಕ್ಸ್) ಎರಡು ಬಗೆ: ಪ್ರತಿ ಕೆಲಸಕ್ಕೂ ಬೇರೆ ಪೆಟ್ಟಿಗೆಯಿರುವ ಫೆಡರೇಟೆಡ್, ಹಲವು ಕೆಲಸಗಳು ಕಂಪ್ಯೂಟರ್ ಮಾಡ್ಯೂಲ್ ಹಂಚಿಕೊಳ್ಳುವ ಐಎಂಎ. ಇವೆರಡರ ನಡುವೆ 10 ವಿಮಾನ, 20 ವರ್ಷದ ಜೀವನಚಕ್ರ ವೆಚ್ಚದ ಹೋಲಿಕೆ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ.

ಸ್ಪೇರ್ ಲೆಕ್ಕದಲ್ಲಿ ತಕರಾರಿಲ್ಲ. ಊಹೆ ಹೀಗಿದೆ: ಪ್ರತಿ ವಿಮಾನ ವರ್ಷಕ್ಕೆ 3,000 ಗಂಟೆ ಹಾರಾಟ, ರಿಪೇರಿಗೆ 30 ದಿನ. ಫೆಡರೇಟೆಡ್‌ನಲ್ಲಿ 12 ಬೇರೆ ಬೇರೆ ಎಲ್‌ಆರ್‌ಯು (ಕಳಚಿ ಬದಲಿಸುವ ಪೆಟ್ಟಿಗೆ), ಎಂಟಿಬಿಎಫ್ (ಒಮ್ಮೆ ಕೆಟ್ಟು ಮತ್ತೆ ಕೆಡುವವರೆಗಿನ ಸರಾಸರಿ ಸಮಯ) ತಲಾ 10,000 ಗಂಟೆ. ಅಂದರೆ ಒಂದೊಂದು ಪಾರ್ಟ್ ನಂಬರ್‌ಗೆ ರಿಪೇರಿಯಲ್ಲಿರುವುದು ಸರಾಸರಿ 0.25. ಪಾಯ್ಸಾನ್ ಸಂಭವನೀಯತೆ ಸೂತ್ರದ ಪ್ರಕಾರ ಒಂದೊಂದು ಸ್ಪೇರ್ ಇಟ್ಟರೆ ಕೊರತೆಯಾಗದ ಭರವಸೆ ತಲಾ ಶೇ 97, ಆದರೆ ಹನ್ನೆರಡನ್ನೂ ಒಟ್ಟಿಗೆ ನೋಡಿದರೆ ಶೇ 73 ಮಾತ್ರ! (ಬಹಳ ಜನ ಎಡವುವುದು ಇಲ್ಲೇ.) ಒಟ್ಟಾರೆ ಶೇ 95 ಬೇಕೆಂದರೆ 23 ಪೆಟ್ಟಿಗೆ. ಐಎಂಎಯಲ್ಲಿ ಒಂದೇ ಬಗೆಯ 4 ಮಾಡ್ಯೂಲ್, ಎಂಟಿಬಿಎಫ್ 25,000 ಗಂಟೆ: 2 ಸ್ಪೇರ್ ಸಾಕು. ಮಾಡ್ಯೂಲ್ ನಾಲ್ಕು ಪಟ್ಟು ದುಬಾರಿಯಾದರೂ ಇದೇ ಅಗ್ಗ.

ತೊಡಕಿರುವುದು ಬದಲಾವಣೆಯಾದಾಗ ಮತ್ತೆ ಪ್ರಮಾಣೀಕರಿಸುವ ಖರ್ಚಿನಲ್ಲಿ. ಆರಿಂಕ್ 653 ಮಾನದಂಡದ ಪಾರ್ಟಿಷನ್ (ಒಂದೊಂದು ಅಪ್ಲಿಕೇಷನ್‌ಗೆ ಬೇರ್ಪಡಿಸಿದ ಮೆಮೊರಿ ಮತ್ತು ಸಮಯದ ಪಾಲು) ಇದ್ದರೆ ಒಂದು ಅಪ್ಲಿಕೇಷನ್ ಬದಲಾದಾಗ ಉಳಿದವನ್ನು ಮುಟ್ಟಬೇಕಿಲ್ಲ ಅನ್ನುತ್ತಾರೆ, ಐಎಂಎ ಪ್ರಮಾಣೀಕರಣದ ಮಾರ್ಗಸೂಚಿ ಡಿಒ-297ರ ದಾರಿಯೂ ಅದೇ. ಆದರೆ ಒಂದು ಪಾರ್ಟಿಷನ್‌ನ ಟೈಮ್ ವಿಂಡೋ 5ರಿಂದ 7 ಮಿಲಿಸೆಕೆಂಡಿಗೆ ಏರಿದರೆ ಮೇಜರ್ ಫ್ರೇಮ್‌ನ (ಎಲ್ಲ ವಿಂಡೋಗಳೂ ಸೇರಿ ಮರುಕಳಿಸುವ ಸಮಯಚಕ್ರ) ಕಾನ್ಫಿಗರೇಷನ್ ಟೇಬಲ್ಲೇ ಬದಲು. ನೆರೆಯವರ ವಿಂಡೋ ಜರುಗಿದರೆ ಅವರ ಟೈಮಿಂಗ್ ಪುರಾವೆ, ಎಎಫ್‌ಡಿಎಕ್ಸ್ (ವಿಮಾನದೊಳಗಿನ ಡೇಟಾ ಜಾಲ) ವಿಳಂಬ ಎಲ್ಲವನ್ನೂ ಮತ್ತೆ ನೋಡಬೇಕು. ಪ್ರೊಸೆಸರ್ ಉತ್ಪಾದನೆ ನಿಂತರಂತೂ ಎಲ್ಲ ಅಪ್ಲಿಕೇಷನ್‌ಗಳ ಗರಿಷ್ಠ ಓಟದ ಸಮಯವನ್ನೂ ಮತ್ತೆ ಅಳೆಯಬೇಕು. ಫೆಡರೇಟೆಡ್‌ನಲ್ಲಾದರೆ ಆ ಪೆಟ್ಟಿಗೆಯೊಂದೇ.

ಈ ಖರ್ಚನ್ನು ಪ್ಲಾಟ್‌ಫಾರ್ಮ್ ಸಾಲಿಗೆ ಹಾಕುತ್ತೀರಾ, ಬದಲಾವಣೆ ಕೇಳಿದ ಅಪ್ಲಿಕೇಷನ್‌ಗಾ, ವಿಂಡೋ ಅನುಪಾತದಲ್ಲಿ ಹಂಚುತ್ತೀರಾ? ಶುರುವಿನಲ್ಲೇ ಎಷ್ಟು ಶೇಕಡಾ ಟೈಮ್ ಖಾಲಿ ಬಿಟ್ಟರೆ ಟೇಬಲ್ ಮುಟ್ಟದೆ ಸಾಗುತ್ತದೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.