ಎಂಜಿನ್ "ನಿಲ್ಲಿಸಿದರು" ಅಂದ್ರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಹೈಸ್ಕೂಲು ಮಕ್ಕಳಿಗಾಗಿ ಟೈಟಾನಿಕ್ ಹಡಗಿನ ಉಗಿ ಎಂಜಿನ್ ಬಗ್ಗೆ ಬರೆಯುತ್ತಿದ್ದೇನೆ. ಹಡಗು ಮುಳುಗಿದ ಕತೆ ಎಲ್ಲರಿಗೂ ಗೊತ್ತು, ಅದು ಬೇಡ. ಅಷ್ಟು ದೊಡ್ಡ ಎಂಜಿನ್ ಮಾಡಿದ್ದು ಹೇಗೆ ಅನ್ನೋದಷ್ಟೇ ವಿಷಯ. ಅದರಲ್ಲಿ "ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ಮೊದಲು ಎಂಜಿನ್ ನಿಲ್ಲಿಸಿದರು, ಆಮೇಲೆ ಹಡಗಿಗೆ ಸಾಗಿಸಿದರು" ಅಂತ ಒಂದು ಸಾಲು. ಮೊದಲು ಓದಿದ್ದು ನನ್ನ ತಂಗಿ. "ಹಡಗಿಗೆ ಇನ್ನೂ ಹಾಕೇ ಇಲ್ಲ, ನಿಲ್ಲಿಸೋಕೆ ಅದು ಎಲ್ಲಿ ಓಡ್ತಾ ಇತ್ತು?" ಅಂದಳು.

ಕಂಬ ನಿಲ್ಲಿಸಿದರು ಅಂದ್ರೆ ಎತ್ತಿ ನೆಟ್ಟರು. ಬಾಗಿಲು ನಿಲ್ಲಿಸಿದರು ಅಂದ್ರೂ ಅದೇ ಅರ್ಥ. ಎಂಜಿನ್ ನಿಲ್ಲಿಸಿದರು ಅಂದ ಕೂಡಲೇ ಅದೇ ಪದ ಉಲ್ಟಾ ಹೊಡೆಯುತ್ತದೆ! ಸರಿ, ಗೋಡೆ ಎಬ್ಬಿಸಿದ ಹಾಗೆ "ಎಬ್ಬಿಸಿದರು" ಅನ್ನೋಣ ಅಂದ್ರೆ, ಮಲಗಿದ್ದ ಎಂಜಿನ್ನನ್ನು ಚಾಲೂ ಮಾಡಿದ ಹಾಗಾಯ್ತು. "ಸ್ಥಾಪಿಸಿದರು" ಅಂದ್ರೆ ಸಂಘ ಸಂಸ್ಥೆ ನೆನಪಾಗುತ್ತದೆ.

ಕೆಲಸ ಏನು ಅಂತ ಸ್ವಲ್ಪ ಹೇಳಿದರೆ ನಿಮಗೆ ಪದ ಹುಡುಕೋದು ಸುಲಭವಾಗಬಹುದು. ಇಂಥ ಎಂಜಿನ್ ಅಡ್ಡ ಮಲಗಿರೋದಿಲ್ಲ, ನೆಟ್ಟಗೆ ನಿಂತಿರುತ್ತದೆ. ಕೆಳಗೆ ಎರಕದ ಕಬ್ಬಿಣದ ಪೀಠ, ಅದರಲ್ಲಿ ಕ್ರ್ಯಾಂಕ್ ಶಾಫ್ಟ್, ಅಂದ್ರೆ ಎಂಜಿನ್ ತಿರುಗಿಸುವ ದಪ್ಪ ಉಕ್ಕಿನ ದಂಡ. ಪೀಠದ ಮೇಲೆ ದಪ್ಪ ಕಂಬಗಳು, ಕಂಬಗಳ ತಲೆಯ ಮೇಲೆ ಸಿಲಿಂಡರುಗಳು. ಟೈಟಾನಿಕ್‌ಗೆ ಇಂಥವು ಎರಡು, ಮೂರಂತಸ್ತಿನ ಮನೆಯಷ್ಟು ಎತ್ತರ. ಎರಕ ಹೊಯ್ದು, ಕಾಸಿ ಬಡಿದು, ಲೇಥಿನಲ್ಲಿ ಕಡೆದು ಬಿಡಿಭಾಗಗಳನ್ನು ಮಾಡಿದ ಮೇಲೆ ಇಡೀ ಎಂಜಿನ್ನನ್ನು ಒಂದು ಸಲ ಕಾರ್ಖಾನೆಯಲ್ಲೇ ಪೂರ್ತಿ ಜೋಡಿಸಿ, ಎಲ್ಲ ಒಂದಕ್ಕೊಂದು ಸರಿಯಾಗಿ ಕೂರುತ್ತಾ ಅಂತ ನೋಡಿ, ಮತ್ತೆ ಕಳಚಿ ತುಂಡು ತುಂಡಾಗಿ ಹಡಗಿನತ್ತ ಒಯ್ಯುತ್ತಿದ್ದರು. ಹಡಗು ನೀರಿಗಿಳಿದಿದ್ದು 1911ರ ಮೇ 31ರಂದು, ಬರೀ ಒಡಲು ಮಾತ್ರ. ಎಂಜಿನ್, ಬಾಯ್ಲರುಗಳೆಲ್ಲ ಒಳಗೆ ಹೋಗಿದ್ದು ಅದಾದ ಮೇಲೆ. ಅದಕ್ಕೆ ನೀರಿನ ಮೇಲೆ ತೇಲುವ, 200 ಟನ್ ಎತ್ತುವ ಕ್ರೇನ್ ಇತ್ತು.

ಅಂದ್ರೆ ಒಂದೇ ಎಂಜಿನ್ ಎರಡು ಸಲ ಎದ್ದು ನಿಲ್ಲುತ್ತದೆ. ಎರಡನೇ ಸಲದ್ದಕ್ಕೆ "ಕೂರಿಸಿದರು" ಸಾಕು, ಗಣಪತಿ ಕೂರಿಸಿದ ಹಾಗೆ, ಇರಬೇಕಾದ ಜಾಗದಲ್ಲಿ ಕೂರುತ್ತದೆ. ತೊಂದರೆ ಇರೋದು ಮೊದಲ ಸಲದ್ದಕ್ಕೆ. "ಜೋಡಿಸಿದರು" ತಪ್ಪಲ್ಲ, ಆದರೆ ಕುರ್ಚಿಯನ್ನೂ ಜೋಡಿಸ್ತೀವಿ, ಕಪಾಟಿನಲ್ಲಿ ಪುಸ್ತಕವನ್ನೂ ಜೋಡಿಸ್ತೀವಿ, ಆ ಎತ್ತರ ಕಣ್ಣಿಗೆ ಬರೋದಿಲ್ಲ.

ನನಗೆ ಹೊಳೆದಿದ್ದು "ಕಟ್ಟು". ಊರಲ್ಲಿ ಜಾತ್ರೆಗೆ ತೇರು ಕಟ್ತಾರೆ, ಜಾತ್ರೆ ಮುಗಿದ ಮೇಲೆ ಬಿಚ್ತಾರೆ. ಅಡಿಯಿಂದ ಮೇಲಕ್ಕೆ ಅಂತಸ್ತು ಅಂತಸ್ತಾಗಿ ಏಳುತ್ತದೆ, ಮೇಲಿಂದ ಕೆಳಕ್ಕೆ ಕಳಚುತ್ತದೆ. ಇದಕ್ಕಿಂತ ಹತ್ತಿರದ ಹೋಲಿಕೆ ಇನ್ನೇನು ಬೇಕು ಅನ್ನಿಸಿತು. ಗ್ಯಾರೇಜಿನಲ್ಲೂ ಎಂಜಿನ್ ಬಿಚ್ಚಿ ಕಟ್ಟಿದೆ ಅನ್ನೋದನ್ನು ಕೇಳಿದ್ದೇನೆ. ಆದರೆ ಒಂದು ಎಡವಟ್ಟಿದೆ. ಹಡಗನ್ನೂ ಕಟ್ತಾರೆ, ಅದೇ ಪ್ಯಾರಾದಲ್ಲಿ ಹಡಗು ಕಟ್ಟಿದರು, ಎಂಜಿನ್ ಕಟ್ಟಿದರು ಅಂತ ಬಂದು ಮಕ್ಕಳಿಗೆ ಗೊಂದಲ. ಅದಕ್ಕಿಂತ ಜಾಸ್ತಿ, "ಹಡಗಿಗೆ ಎಂಜಿನ್ ಕಟ್ಟಿದರು" ಅಂದ್ರೆ ಸಣ್ಣ ದೋಣಿಯ ಹಿಂದೆ ಪೆಟ್ರೋಲ್ ಎಂಜಿನ್ ಸಿಕ್ಕಿಸಿದ ಹಾಗೆ ಕೇಳುತ್ತದೆ, ಅಲ್ವಾ?

ಇದರ ಜೊತೆಗೇ ಇನ್ನೊಂದು. ಈ ಎಂಜಿನ್ನಿನಲ್ಲಿ ಉಗಿ ಒಂದೇ ಸಿಲಿಂಡರಿನಲ್ಲಿ ದುಡಿದು ಹೊರಗೆ ಹೋಗೋದಿಲ್ಲ. ಬಾಯ್ಲರಿನಿಂದ ಚದರ ಇಂಚಿಗೆ 215 ಪೌಂಡ್ ಒತ್ತಡದಲ್ಲಿ ಬಂದು ಮೊದಲು 54 ಇಂಚು ಅಗಲದ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿ ಹಿಗ್ಗಿ ಒತ್ತಡ ಇಳಿದ ಮೇಲೆ 84 ಇಂಚಿನದ್ದಕ್ಕೆ, ಅಲ್ಲಿಂದ 97 ಇಂಚಿನ ಎರಡಕ್ಕೆ. ಒತ್ತಡ ಇಳಿದಷ್ಟೂ ಉಗಿಗೆ ಜಾಗ ಜಾಸ್ತಿ ಬೇಕು, ಅದಕ್ಕೇ ಸಿಲಿಂಡರ್ ದೊಡ್ಡದಾಗುತ್ತಾ ಹೋಗೋದು. ಕೊನೆಯದು ಎರಡು ಯಾಕೆ ಅಂದ್ರೆ, ಒಂದೇ ಮಾಡಿದ್ದರೆ ಅದರ ಅಗಲ 11 ಅಡಿ ದಾಟುತ್ತಿತ್ತು. ಹೀಗಾಗಿ ಸಿಲಿಂಡರ್ ನಾಲ್ಕು, ಹಿಗ್ಗುವ ಹಂತ ಮೂರು.

ಪಠ್ಯಪುಸ್ತಕದ ದಾರಿ ಹಿಡಿದರೆ ಇದು "ತ್ರಿವ್ಯಾಕೋಚನ ಎಂಜಿನ್" ಆಗುತ್ತದೆ. ಹೆಸರು ಹೇಳೋ ಹೊತ್ತಿಗೆ ಮಕ್ಕಳು ಎದ್ದು ಹೋಗಿರ್ತಾರೆ. ನಾನು "ಮೂರು ಹಿಗ್ಗಿನ ಎಂಜಿನ್" ಅಂತ ಬರೆದೆ. ಚೆನ್ನಾಗಿದೆ ಅನ್ನಿಸಿತು, ಒಬ್ಬರು ಮೇಷ್ಟ್ರು ಮಾತ್ರ "ಹಿಗ್ಗು ಅಂದ್ರೆ ಸಂತೋಷ ಅಲ್ವೇನ್ರೀ" ಅಂತ ತಕರಾರು ತೆಗೆದರು. ನೆನೆದ ಬಾಗಿಲು ಹಿಗ್ಗೋದಿಲ್ವೇ? ಬಾಗಿಲಿಗೇನು ಸಂತೋಷ? ಆದರೂ ಕೇಳುತ್ತಿದ್ದೇನೆ, ನಿಮಗೂ ಹಾಗೇ ಕೇಳಿಸುತ್ತಾ? ಇನ್ನೂ ಒಂದು ತೊಡಕು: ಈ ಮೂರು ಹಿಗ್ಗು ಮುಗಿದ ಮೇಲೂ ಆ ಉಗಿಯನ್ನು ಬಿಡದೆ, ನಡುವಿನ ಪ್ರೊಪೆಲರ್ ತಿರುಗಿಸುವ ಪಾರ್ಸನ್ಸ್ ಟರ್ಬೈನಿಗೆ (ಉಗಿ ಹಾದಾಗ ಗಿರಗಿರ ತಿರುಗುವ, ರೆಕ್ಕೆಗಳಿರುವ ಯಂತ್ರ) ಹಾಯಿಸುತ್ತಿದ್ದರು. ಅಲ್ಲೂ ಅದು ಹಿಗ್ಗುತ್ತದೆ. ಆದರೆ ಅದು ಬೇರೆ ಯಂತ್ರ, ಹೆಸರಿಗೆ ಸೇರಿಸೋದು ಬೇಡ ಅಂತ ಬಿಟ್ಟಿದ್ದೇನೆ.

ಮಲ್ಪೆ, ಕಾರವಾರ, ತದಡಿ ಕಡೆ ಬೋಟ್ ಕಟ್ಟುವವರ ಜೊತೆ ಒಡನಾಟ ಇರುವವರು ಇಲ್ಲಿದ್ದರೆ ಒಂದು ಸಹಾಯ ಮಾಡಿ. ದೊಡ್ಡ ಡೀಸೆಲ್ ಎಂಜಿನ್ ಬೋಟಿನೊಳಗೆ ಇಳಿಸಿ ಬಿಗಿ ಮಾಡೋದಕ್ಕೆ ಅವರು ಏನಂತಾರೆ? ಕೊಂಕಣಿ, ತುಳು ಪದವಾದರೂ ಪರವಾಗಿಲ್ಲ, ಹೇಳಿ. ಸದ್ಯಕ್ಕೆ ಆ ಸಾಲನ್ನು "ಕಾರ್ಖಾನೆಯಲ್ಲಿ ತೇರಿನ ಹಾಗೆ ಕಟ್ಟಿ, ಬಿಚ್ಚಿ, ಹಡಗಿನೊಳಗೆ ಕೂರಿಸಿದರು" ಅಂತ ತಿದ್ದಿಟ್ಟಿದ್ದೇನೆ. ತಂಗಿ ಇದನ್ನಿನ್ನೂ ನೋಡಿಲ್ಲ.